ಇಲ್ಲದ ಮೂರು ವರ್ಷ

ಜನವರಿ 12

ಅಮ್ಮ,

ನೀನು ಕ್ಷೇಮವೆಂದು ನಂಬಿದ್ದೇನೆ ಅಂತ ಶುರುಮಾಡುವಷ್ಟು ತಾಳ್ಮೆ ಇವತ್ತು ನನಗಿಲ್ಲ. ಕ್ಷೇಮವಾಗಿಯೇ ಇರುತ್ತೀ. ಫೋನು ಬಿಟ್ಟು ಕಾಗದ ಹಿಡಿದಿದ್ದಕ್ಕೆ ಕಾರಣ ಇದೆ. ಫೋನಿನಲ್ಲಿ ನಾನು ಒಂದು ವಾಕ್ಯದ ಅರ್ಧಕ್ಕೆ ಬರುವಷ್ಟರಲ್ಲಿ ಉಳಿದರ್ಧವನ್ನು ನೀನೇ ಹೇಳಿ ಮುಗಿಸುತ್ತೀ. ನಾನು ಹೇಳಹೊರಟದ್ದು ಅದಲ್ಲ ಅನ್ನುವ ಹೊತ್ತಿಗೆ ಯಾರೋ ನಿನ್ನನ್ನು ಮೀಟಿಂಗಿಗೆ ಕರೆಯುತ್ತಾರೆ. ಕಾಗದವನ್ನಾದರೂ ಕೊನೆಯವರೆಗೆ ಓದಲೇಬೇಕಲ್ಲ.

ಇವತ್ತು ಇನ್ನೊಂದು ಇಂಟರ್ವ್ಯೂ. ನಡೆದದ್ದನ್ನು ಇದ್ದ ಹಾಗೆಯೇ ಬರೆಯುತ್ತೇನೆ, ಮಸಾಲೆ ಹಾಕಿಲ್ಲ.

"ಎಷ್ಟು ಲೈವ್ ಪ್ರಾಜೆಕ್ಟ್ ಮಾಡಿದೀರಿ?"

"ಒಂದೂ ಇಲ್ಲ ಸರ್. ಕೋರ್ಸ್ ಮಾಡಿದೀನಿ. ಖರೀದಿ, ದಾಸ್ತಾನು ಎರಡನ್ನೂ ಅಭ್ಯಾಸದ ಸಿಸ್ಟಮ್‌ನಲ್ಲಿ..."

"ಅಂದ್ರೆ ಅನುಭವ ಇಲ್ಲ."

"ಇದು ಅನುಭವ ಇಲ್ಲದವರಿಗೆ ಅಂತಲೇ ಕರೆದಿರೋ ಕೆಲಸ ಅಲ್ವಾ ಸರ್?"

"ಹೌದಮ್ಮಾ. ಹಾಗಂತ ಸ್ವಲ್ಪನಾದ್ರೂ ಅನುಭವ ಬೇಡ್ವಾ?"

ನಾನು ನಗಲಿಲ್ಲ. ಅವನೂ ನಗಲಿಲ್ಲ. ಅವನು ತಮಾಷೆ ಮಾಡುತ್ತಿಲ್ಲ ಎಂಬುದೇ ನನ್ನನ್ನು ಉರಿಸಿದ್ದು. ಒಳಗೆ ಬಿಟ್ಟರೆ ತಾನೇ ಅನುಭವ ಆಗುವುದು? ಅನುಭವ ಇದ್ದರೆ ತಾನೇ ಒಳಗೆ ಬಿಡುವುದು? ಬಾಗಿಲಿನ ಬೀಗದ ಕೈಯನ್ನು ಬಾಗಿಲೊಳಗೇ ಇಟ್ಟು ಬಂದವರ ಹಾಗೆ ಆಡುತ್ತಾರೆ ನಿಮ್ಮ ಕಸುಬಿನವರು.

ಟ್ರೇನಿಂಗ್ ಸೆಂಟರಿನಲ್ಲಿ ಕೆಲಸ ಕೊಡಿಸುವ ವಿಭಾಗ ನೋಡಿಕೊಳ್ಳುವವನೊಬ್ಬನಿದ್ದಾನೆ. ಮಾತುಮಾತಿಗೂ 'ಭರವಸೆ ಇಡಿ' ಅನ್ನುವುದರಿಂದ ಅವನಿಗೆ ಭರವಸೆ ಎಂದೇ ಹೆಸರಿಟ್ಟಿದ್ದೇವೆ. ಬಯೋಡೇಟಾದಲ್ಲಿ ಮೂರು ವರ್ಷದ ಅನುಭವ ಎಂದು ಬರೆದುಬಿಡು ಅನ್ನುತ್ತಾನೆ. ಆಗುವುದಿಲ್ಲ ಎಂದರೆ, "ಬಸ್ಸಲ್ಲಿ ಮಕ್ಕಳ ವಯಸ್ಸು ಕಮ್ಮಿ ಹೇಳಲ್ವೇನಮ್ಮಾ? ಇಲ್ಲಿ ಸ್ವಲ್ಪ ಜಾಸ್ತಿ ಹೇಳೋದು, ಅಷ್ಟೇ" ಎಂದು ಬೆನ್ನು ತಟ್ಟುತ್ತಾನೆ.

ಬೇರೆ ಕಂಪನಿಗಳಿಗೆ ಹೋಗಿ, ಅವರ ಖರೀದಿ, ದಾಸ್ತಾನು, ಸಂಬಳ ಎಲ್ಲವನ್ನೂ ಒಂದು ಸಾಫ್ಟ್‌ವೇರಿನೊಳಗೆ ಕೂರಿಸಿ, ಅದನ್ನು ಬಳಸುವುದು ಹೇಗೆಂದು ಹೇಳಿಕೊಟ್ಟು ಬರುವುದರಲ್ಲಿ ನಿನ್ನ ಅರ್ಧ ಆಯುಷ್ಯ ಕಳೆದಿದೆ. ಶಿಫಾರಸು ಕೇಳುತ್ತಿಲ್ಲ. ದಾರಿ ಕೇಳುತ್ತಿದ್ದೇನೆ. ಸುಳ್ಳು ಬರೆಯದೆ ಒಳಗೆ ಬರುವುದು ಹೇಗೆ?

ಕೋಪದಲ್ಲಿ,
ನಿನ್ನ ಮಗಳು


ಜನವರಿ 27

ಪುಟ್ಟೀ,

ನಿನ್ನ ಪತ್ರ ಓದಿ ಮೇಜಿನ ಮೇಲಿಟ್ಟಿದ್ದೆ. ಇಲ್ಲಿ ಯಾವುದನ್ನು ಮೇಜಿನ ಮೇಲಿಟ್ಟರೂ ಅದಕ್ಕೆ ಬಣ್ಣದ ವಾಸನೆ ಹತ್ತುತ್ತದೆ. ಪೇಂಟ್ ಕಾರ್ಖಾನೆಯ ಅತಿಥಿಗೃಹದಲ್ಲಿ ನನ್ನ ಕೋಣೆ. ಕಿಟಕಿಯಾಚೆ ಖಾಲಿ ಡ್ರಮ್ಮುಗಳ ರಾಶಿ. ಇದು ಎಷ್ಟನೆಯ ಅತಿಥಿಗೃಹವೋ, ಎಲ್ಲದರಲ್ಲೂ ದಿಂಬು ಒಂದೇ ರೀತಿ ಗಟ್ಟಿ.

ದಾರಿ ಕೇಳಿದ್ದೀ. ಕನ್ಸಲ್ಟೆಂಟರ ಕಂಪನಿಗಳ ಮುಂಬಾಗಿಲು ತಟ್ಟುವುದನ್ನು ಸ್ವಲ್ಪ ಕಾಲ ಬಿಡು. ಈ ಸಾಫ್ಟ್‌ವೇರನ್ನು ಬಳಸುವ ಯಾವುದಾದರೂ ಸಣ್ಣ ಕಂಪನಿಗೆ ಸೇರು. ಬಳಸುವವರ ದೂರು ಕೇಳುವ ಹೆಲ್ಪ್ ಡೆಸ್ಕ್ ಆದರೂ ಸರಿ, ದತ್ತಾಂಶ ತುಂಬುವ ಕೆಲಸವಾದರೂ ಸರಿ. ಪರದೆಯ ಮೇಲೆ ಏನು ಒತ್ತಬೇಕೆಂಬುದನ್ನು ಯಾರು ಬೇಕಾದರೂ ಕಲಿಯುತ್ತಾರೆ. ಒಂದು ಸಾಮಾನು ಬೇಕೆಂದು ಯಾರೋ ಹೇಳಿದ ಕ್ಷಣದಿಂದ ಅದು ಬಂದು ಕಪಾಟು ಸೇರುವವರೆಗೆ ಎಷ್ಟು ಜನರ ಕೈ ದಾಟುತ್ತದೆ, ಯಾರ ಕೈಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂಬುದನ್ನು ಕಣ್ಣಾರೆ ನೋಡು. ಎಲ್ಲಿ ಹೋದರೂ ಬಳಸುವವರನ್ನು ಮೊದಲು ಕೇಳಬೇಕಾದದ್ದು, ಕೆಲಸ ಸರಿಯಾಗಿ ನಡೆದಾಗ ಏನು ಮಾಡುತ್ತೀರಿ ಅಂತಲ್ಲ, ಕೆಟ್ಟಾಗ ಏನು ಮಾಡುತ್ತೀರಿ ಅಂತ. ಅಲ್ಲಿ ಎಲ್ಲವೂ ಹೊರಬರುತ್ತದೆ. ಒಂದೇ ವಿಭಾಗ ಹಿಡಿದುಕೋ, ಎಲ್ಲಕ್ಕೂ ಕೈ ಹಾಕಬೇಡ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನು. ನಮ್ಮ ಕಸುಬಿನಲ್ಲಿ ಕಲಿಯಲು ಎಲ್ಲಕ್ಕಿಂತ ಹೆಚ್ಚು ಕಾಲ ಹಿಡಿಯುವುದು ಅದೇ ಮಾತು.

ಮೂರು ವರ್ಷ ಬರೆಯಬೇಡ. ನಮ್ಮ ಕಂಪನಿಯಲ್ಲಿ ನಿನ್ನ ಹೆಸರು ಹೇಳೆಂದು ನೀನು ಕೇಳಿಲ್ಲ. ಕೇಳಿದ್ದರೂ ಹೇಳುತ್ತಿರಲಿಲ್ಲ. ಇದರಿಂದ ನಿನಗೆ ನೋವಾಗುತ್ತದೆಂದು ಗೊತ್ತು.

ಊಟ ತಪ್ಪಿಸಬೇಡ.

ಅಮ್ಮ


ಫೆಬ್ರವರಿ 20

ಅಮ್ಮ,

ನಿನ್ನ ಸಲಹೆಯನ್ನು ಚಾಚೂ ತಪ್ಪದೆ ಪಾಲಿಸಿದೆ. ಸಣ್ಣ ಕಂಪನಿಗಳಿಗೇ ಹೋದೆ. ಸ್ನಾನದಮನೆಯ ನಲ್ಲಿ ಮಾರುವವರ ಹತ್ತಿರ, ಸೈಕಲ್ ಬಿಡಿಭಾಗದವರ ಹತ್ತಿರ, ಮಕ್ಕಳ ಹಾಸಿಗೆ ಮಾಡುವವರ ಹತ್ತಿರ. ನಲ್ಲಿಯವರು ಏನಂದರು ಗೊತ್ತಾ? "ನಾವೇ ಸಣ್ಣೋರು ಕಣಮ್ಮ, ನಿನಗೆ ಕಲಿಸ್ತಾ ಕೂತ್ರೆ ನಲ್ಲಿ ಮಾರೋರು ಯಾರು? ದೊಡ್ಡ ಕಂಪನೀಲಿ ಕಲ್ತು ಬಾ." ದೊಡ್ಡವರು ಸಣ್ಣವರ ಕಡೆ ಕೈ ತೋರಿಸುತ್ತಾರೆ, ಸಣ್ಣವರು ದೊಡ್ಡವರ ಕಡೆ. ನಾನು ನಡುವೆ ಬಸ್ಸು ಹತ್ತಿ ಇಳಿಯುತ್ತಿದ್ದೇನೆ.

ನಿನ್ನ ಪತ್ರ ಒಳ್ಳೆಯ ಪತ್ರ. ಒಳಗಿದ್ದವರಿಗೆ ಬಹಳ ಉಪಯೋಗಕ್ಕೆ ಬರುತ್ತದೆ.

ನಿಮ್ಮ ಕಂಪನಿಗೂ ಅರ್ಜಿ ಹಾಕಿದ್ದೆ, ನಿನ್ನ ಹೆಸರೆತ್ತದೆ. 'ಸಲ್ಲಿಸು' ಒತ್ತಿ ನೀರು ಕುಡಿದು ಬರುವಷ್ಟರಲ್ಲಿ ತಿರಸ್ಕಾರ ಬಂದಿತ್ತು. ಓದಿ ತಿರಸ್ಕರಿಸಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಅದನ್ನು ಯಾರೂ ಓದಲೇ ಇಲ್ಲ. ಅನುಭವದ ವರ್ಷಗಳ ಜಾಗದಲ್ಲಿ ಸೊನ್ನೆ ಕಂಡ ಯಂತ್ರ ಬಾಗಿಲು ಹಾಕಿಕೊಂಡಿತು.

ಈಗ ಒಂದು ಕೆಲಸ ಹಿಡಿದಿದ್ದೇನೆ. ಟ್ರೇನಿಂಗ್ ಸೆಂಟರಿನಲ್ಲೇ, ಇಂಟರ್ವ್ಯೂಗೆ ಹೋಗುವವರಿಗೆ ಸಹಾಯ ಮಾಡುವುದು. ಹೇಗೆ, ಏನು ಅಂತ ಕೇಳಬೇಡ. ಭರವಸೆ ನನ್ನನ್ನು ಕಂಡರೆ ಎದ್ದು ನಿಂತು ಕುರ್ಚಿ ಎಳೆದು ಕೊಡುತ್ತಾನೆ. ಈ ಊರಿನಲ್ಲಿ ನನಗೆ ಸಿಕ್ಕಿರುವ ಮೊದಲ ಕುರ್ಚಿ ಅದು.

ನಿನ್ನ ಮಗಳು


ಮಾರ್ಚ್ 15

ಪುಟ್ಟೀ,

ಕೇಳಬೇಡ ಎಂದಿದ್ದೀ, ಕೇಳುವುದಿಲ್ಲ. ಕಲಿಸುವುದು ಒಳ್ಳೆಯ ಕೆಲಸವೇ. ಆದರೆ ನೀನು ಯಾರನ್ನು ತಯಾರು ಮಾಡಿ ಕಳಿಸುತ್ತೀಯೋ ಅವರು ಒಂದು ದಿನ ನನ್ನಂಥವರ ಪಕ್ಕ ಬಂದು ಕೂರುತ್ತಾರೆ. ಹಾಗಾಗಿ ಇಲ್ಲಿ ನಡೆದದ್ದನ್ನು ಹೇಳುತ್ತೇನೆ. ಇಷ್ಟು ಸಿಟ್ಟು ನನಗೆ ಬಂದು ಬಹಳ ಕಾಲವಾಗಿತ್ತು.

ನಮ್ಮ ತಂಡಕ್ಕೆ ಹೊಸಬನೊಬ್ಬ ಬಂದ. ಕಾಗದದ ಮೇಲೆ ಐದು ವರ್ಷದ ಅನುಭವ. ನಾವು ಎರಡು ಸಿಸ್ಟಮ್ ಇಟ್ಟುಕೊಂಡಿರುತ್ತೇವೆ, ಒಂದು ಅಭ್ಯಾಸಕ್ಕೆ, ಒಂದು ನಿಜಕ್ಕೆ. ಎರಡೂ ನೋಡಲು ಅವಳಿಜವಳಿ. ಯಾವುದರಲ್ಲಿ ಇದ್ದೇನೆಂದು ಪರದೆಯ ಮೇಲಿನ ಮೂಲೆಯಲ್ಲಿರುವ ಹೆಸರು ನೋಡಿಕೊಳ್ಳುವುದು ನಮಗೆ ಉಸಿರಾಟದಷ್ಟು ರೂಢಿ. ಐದು ವರ್ಷದವನಿಗೆ ಆ ರೂಢಿ ಇರಲಿಲ್ಲ. ಅಭ್ಯಾಸ ಮಾಡುತ್ತೇನೆಂದುಕೊಂಡು ನಿಜದ ಸಿಸ್ಟಮಿನಲ್ಲಿ ಖರೀದಿ ಆದೇಶ ಬರೆದು, ತಾನೇ ಒಪ್ಪಿಗೆ ಒತ್ತಿ, ಊಟಕ್ಕೆ ಹೋದ. ಆದೇಶಗಳು ನೇರ ಸರಬರಾಜುದಾರರಿಗೆ ಹೋದವು. ಆ ವಾರ ಗೇಟಿನ ಮುಂದೆ ಲಾರಿಗಳು ಸಾಲುಗಟ್ಟಿದವು, ಯಾರಿಗೂ ಬೇಡದ, ಬಣ್ಣ ತೆಳುಮಾಡುವ ಥಿನ್ನರ್ ತುಂಬಿಕೊಂಡು. ಸಿಸ್ಟಮಿನಲ್ಲಿ ಆದೇಶ ಇದೆಯಲ್ಲ ಎಂದು ಗೋದಾಮಿನ ಮೇಲ್ವಿಚಾರಕರು ಇಳಿಸಿಕೊಂಡರು. ಜಾಗ ಸಾಲದೆ ಡ್ರಮ್ಮುಗಳನ್ನು ದಾರಿಯಲ್ಲಿ ಜೋಡಿಸಿದರು.

ತನಿಖೆಯ ವರದಿಯಲ್ಲಿ ಏನು ಬಂತು ಹೇಳು? 'ಬಳಕೆದಾರರ ತಪ್ಪು.' ಮೇಲ್ವಿಚಾರಕರನ್ನು ಗೋದಾಮಿನಿಂದ ತೆಗೆದು ಗೇಟಿನಲ್ಲಿ ಚೀಟಿ ಪರೀಕ್ಷಿಸಲು ಕೂರಿಸಿದ್ದಾರೆ. ಬೆಳಿಗ್ಗೆ ನಾನು ಒಳಗೆ ಹೋಗುವಾಗ ನನ್ನ ಚೀಟಿಯನ್ನೂ ಅವರೇ ನೋಡುತ್ತಾರೆ, ತಲೆಯೆತ್ತದೆ. ಐದು ವರ್ಷದವನನ್ನು ಬೇರೆ ಪ್ರಾಜೆಕ್ಟಿಗೆ ಕಳಿಸಿದರು. ಅವನ ಬಯೋಡೇಟಾದಲ್ಲಿ ಈಗ ನಮ್ಮ ಕಾರ್ಖಾನೆಯೂ ಸೇರಿರುತ್ತದೆ.

ನಾನು ಗಲಾಟೆ ಮಾಡಿದೆ. ಅದರ ಫಲವಾಗಿ, ಇನ್ನು ಮುಂದೆ ಈ ಕಾರ್ಖಾನೆಗೆ ಬರುವವರ ಆಯ್ಕೆಯಲ್ಲಿ ನಾನೂ ಕೂರಬೇಕಂತೆ, ನಮ್ಮ ತಂಡದ ಮುಖ್ಯಸ್ಥನ ಜೊತೆ. ಆಗಲಿ ಎಂದೆ.

ನಿನ್ನ ವಿದ್ಯಾರ್ಥಿಗಳಿಗೆ ಮೇಲಿನ ಮೂಲೆ ನೋಡಲು ಹೇಳಿಕೊಡು.

ಅಮ್ಮ


ಏಪ್ರಿಲ್ 8

ಮಗಳೇ,

ನಿನ್ನ ಉತ್ತರ ಬರಲಿಲ್ಲ. ಬಾರದಿರಲು ಕಾರಣ ಏನಿರಬಹುದೆಂದು ಈಗ ತಿಳಿಯುತ್ತಿದೆ.

ನಿನ್ನೆ ಮೊದಲ ಇಂಟರ್ವ್ಯೂಗೆ ಕೂತಿದ್ದೆ. ಪರದೆಯ ಮೇಲೆ ಒಬ್ಬ ಹೆಂಗಸು, ಮೂವತ್ತರ ಆಸುಪಾಸು, ಇಸ್ತ್ರಿ ಮಾಡಿದ ಕಾಲರು, ಹಿಂದೆ ಬಿಳಿ ಗೋಡೆ. ಮೂರು ವರ್ಷದ ಅನುಭವ. ನನ್ನ ಕ್ಯಾಮೆರಾ ಆಫ್ ಮಾಡಿದ್ದೆ. ಮುಖ್ಯಸ್ಥನೇ ಪ್ರಶ್ನೆ ಕೇಳುತ್ತಿದ್ದ, ನಾನು ಸುಮ್ಮನಿದ್ದೆ. ಅವಳ ತುಟಿ ಮಾತಿಗಿಂತ ತುಸು ತಡವಾಗಿ ಅಲುಗುತ್ತಿತ್ತು. ಇಂಟರ್ನೆಟ್ಟಿನ ತೊಂದರೆ ಅಂದುಕೊಂಡೆ.

"ಹೊಸ ಕ್ಲೈಂಟ್ ಹತ್ರ ಹೋದ್ರೆ ಮೊದಲು ಏನು ಮಾಡ್ತೀರಿ?" ಅಂದ ಅವನು.

"ಕೆಲಸ ಕೆಟ್ಟಾಗ ಏನು ಮಾಡ್ತೀರಿ ಅಂತ ಬಳಸೋರನ್ನ ಕೇಳ್ತೀನಿ ಸರ್. ಅಲ್ಲಿ ಎಲ್ಲಾ ಹೊರಗೆ ಬರುತ್ತೆ."

ಮುಖ್ಯಸ್ಥ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದ. "ನೋಡಿದ್ರಾ ಮೇಡಂ, ಅನುಭವ ಮಾತಾಡೋದು ಅಂದ್ರೆ ಇದು" ಎಂದು ಪಿಸುಗುಟ್ಟಿದ.

ನನ್ನದೇ ಮಾತನ್ನು ನನಗೆ ಪರಿಚಯವಿಲ್ಲದ ಮುಖವೊಂದು ನನಗೇ ಹೇಳುತ್ತಿತ್ತು. ಧ್ವನಿ ನಿನ್ನದು. ನೀನು ಅಂಬೆಗಾಲಿಡುವ ಕಾಲದಿಂದ ನಾನು ನಿನ್ನನ್ನು ಹೆಚ್ಚಾಗಿ ಫೋನಿನಲ್ಲೇ ಬೆಳೆಸಿದವಳು. ನಿನ್ನ ಮುಖ ನೆನಪಿಸಿಕೊಳ್ಳಲು ನನಗೆ ಫೋಟೋ ಬೇಕಾಗುತ್ತದೆ, ಧ್ವನಿಗೆ ಏನೂ ಬೇಡ.

ನಾನು ಬಾಯಿ ಬಿಟ್ಟೆ. "ನಿಮಗೆ ಉತ್ತರ ಗೊತ್ತಿಲ್ಲದಾಗ ಏನು ಮಾಡ್ತೀರಿ?"

ಧ್ವನಿ ನಿಂತುಹೋಯಿತು. ಅದು ನಿಂತದ್ದು ಪಾಪ ಅವಳಿಗೆ ತಿಳಿಯಲಿಲ್ಲ. ಅವಳ ತುಟಿಗಳು ರೂಢಿಯಂತೆ ಅಲುಗಿದವು, ಒಂದು ಸದ್ದೂ ಇಲ್ಲದೆ. ಗಾಜಿನಾಚೆಯ ಮೀನಿನ ಹಾಗೆ. ಆಮೇಲೆ ಅವಳು ಪಕ್ಕಕ್ಕೆ ನೋಡಿದಳು, ನೀನು ಕೂತ ಕಡೆಗೆ ಇರಬೇಕು. ಆಗ ನೀನು ಹೇಳಿದೆ: "ಗೊತ್ತಿಲ್ಲ ಅಂತ ಹೇಳ್ತೀನಿ, ಮೇಡಂ."

ಮೇಡಂ ಎಂದೆ ನನ್ನನ್ನು.

ಮುಖ್ಯಸ್ಥ ಅವಳನ್ನು ಆರಿಸಿಬಿಟ್ಟಿದ್ದಾನೆ. ಇನ್ನು ನನ್ನ ಒಪ್ಪಿಗೆಯೊಂದೇ ಬಾಕಿ. ನಾನು ಒಪ್ಪಿದರೆ ಗೇಟಿನಲ್ಲಿ ಕೂರಲು ಇನ್ನೊಬ್ಬರು ಸಿದ್ಧವಾಗಬೇಕಾದೀತು. ನಿಜ ಹೇಳಿದರೆ ನಿನಗೆ ಈ ಕಸುಬಿನ ಬಾಗಿಲು ಎಂದೆಂದಿಗೂ ಮುಚ್ಚೀತು. ನಿನಗೆ ಹೇಳುವುದೇನಿದೆ, ಬರೆ.

ಅಮ್ಮ


ಏಪ್ರಿಲ್ 14

ಅಮ್ಮ,

ಹೇಳುವುದು ಬೇಕಾದಷ್ಟಿದೆ.

ಹೌದು, ಅದು ನಾನೇ. ಮೇಜಿನ ಆ ಕಡೆ ಅವಳು, ಈ ಕಡೆ ಮೈಕು ಹಿಡಿದು ನಾನು. ಅವಳೇ ಮೊದಲಿನವಳಲ್ಲ. ನಾನು ಕೆಲಸ ಕೊಡಿಸಿದವರು ಈಗ ಬೇರೆಬೇರೆ ಕಂಪನಿಗಳಲ್ಲಿ ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡು ಓಡಾಡುತ್ತಿದ್ದಾರೆ. ಅಂದರೆ ನಿಮ್ಮ ಕಸುಬು ನನ್ನನ್ನು ಮತ್ತೆಮತ್ತೆ ಆರಿಸಿದೆ. ನನ್ನ ಹೆಸರು ಮುಖ ಎರಡೂ ಜೊತೆಗಿರಬಾರದು, ಅಷ್ಟೇ ಅದರ ಷರತ್ತು.

ಆ ಹೆಂಗಸು ಹಲ್ಲಿನ ಡಾಕ್ಟರರ ಹತ್ತಿರ ಬಹಳ ಕಾಲ ಸ್ವಾಗತದ ಮೇಜಿನಲ್ಲಿದ್ದವಳು. ಕೋರ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂರುತ್ತಿದ್ದಳು. ಆ ಮೂರು ವರ್ಷ ಬರೆದ ದಿನ ಬಚ್ಚಲಿಗೆ ಹೋಗಿ ಅತ್ತು ಬಂದಳು. "ಅಕ್ಕಾ, ಅಳೋದಾದ್ರೆ ಯಾಕೆ ಬರೀತೀರಾ?" ಅಂದೆ. "ಅತ್ತರೂ ಬರೀಬೇಕು ಕಣೇ, ನಿನ್ನ ಹಾಗೆ ಬರೀದೇ ಕೂತರೆ ಏನಾಗುತ್ತೆ ಅಂತ ನೋಡ್ತಿದೀನಲ್ಲ" ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇತ್ತಾ? ನಿನ್ನ ಹತ್ತಿರ ಇದೆಯಾ?

ನಿಮ್ಮವರಿಗೆ ಸುಳ್ಳು ಕಲಿಸಿಕೊಟ್ಟವರು ನಾವಲ್ಲ. ಸೊನ್ನೆ ಕಂಡರೆ ಬಾಗಿಲು ಹಾಕುವ ಯಂತ್ರ ಇಟ್ಟುಕೊಂಡವರು ಯಾರು? ಹೊಸಬರಿಗೆ ಕಲಿಸುವುದು ದಂಡ ಅಂದುಕೊಂಡವರು ಯಾರು? ಎಲ್ಲರಿಗೂ ಬೆಳೆದ ಮರವೇ ಬೇಕು, ಗಿಡ ನೆಡಲು ಯಾರಿಗೂ ಪುರುಸೊತ್ತಿಲ್ಲ. ಆಮೇಲೆ ಪ್ಲಾಸ್ಟಿಕ್ ಮರ ಬಂದು ನಿಂತರೆ ಅಯ್ಯೋ ಮೋಸ ಅನ್ನುತ್ತೀರಿ.

ಇನ್ನೊಂದು. ನಿನಗೆ ಇರುವ ಅನುಭವದ ವರ್ಷಗಳಿವೆಯಲ್ಲ, ಅಷ್ಟೂ ವರ್ಷ ನಾನು ದೊಡ್ಡಮ್ಮನ ಮನೆಯ ಮೆಟ್ಟಿಲ ಮೇಲೆ ಕೂತು ನಿನಗಾಗಿ ಕಾದ ವರ್ಷಗಳು. ಅದರಲ್ಲಿ ಮೂರನ್ನು ನನ್ನ ಹೆಸರಿಗೆ ಬರೆದರೆ ಅದು ಪೂರ್ತಿ ಸುಳ್ಳಾಗುವುದಿಲ್ಲ.

ಇಷ್ಟೆಲ್ಲ ಬರೆದ ಮೇಲೂ ಗೇಟಿನ ಬಳಿ ತಲೆಯೆತ್ತದೆ ಕೂತವರ ವಿಷಯ ನನ್ನನ್ನು ಬಿಡುತ್ತಿಲ್ಲ. ಮಾರ್ಚಿನ ಪತ್ರಕ್ಕೆ ಉತ್ತರ ಬರೆಯದಿದ್ದುದು ಅದಕ್ಕೇ. ಆ ಐದು ವರ್ಷದವನು ಯಾರ ಧ್ವನಿಯಲ್ಲಿ ಒಳಗೆ ಬಂದನೋ ಎಂದು ಯೋಚಿಸುತ್ತಾ ಕೂತೆ. ನನ್ನ ಧ್ವನಿಯಲ್ಲಲ್ಲ. ಆದರೆ ಆಗಬಹುದಿತ್ತು.

ನಿಜವನ್ನೇ ಹೇಳು. ನನ್ನ ಹೆಸರನ್ನೂ ಹೇಳು. 'ಅಭ್ಯರ್ಥಿ ಸೂಕ್ತವಲ್ಲ' ಎಂದು ಗೀಚಿ ಎಲ್ಲರನ್ನೂ ಉಳಿಸುವ ಜಾಣತನ ಮಾತ್ರ ಮಾಡಬೇಡ.

ನಿನ್ನ ಮಗಳು (ಮೇಡಂ ಎಂದದ್ದಕ್ಕೆ ಕ್ಷಮೆ ಕೇಳುವುದಿಲ್ಲ)


ಮೇ 2

ಪುಟ್ಟೀ,

ಹೇಳಿದೆ. ಏನಾಯಿತೆಂದು ಬರೆಯಲು ಇಷ್ಟು ದಿನ ಬೇಕಾಯಿತು.

ಮುಖ್ಯಸ್ಥನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಹೇಳಿದೆ, "ಆ ಧ್ವನಿ ಅವಳದಲ್ಲ."

"ಗೊತ್ತಾಯ್ತು ಮೇಡಂ. ತುಟಿ ಸ್ವಲ್ಪ ಹಿಂದೆಮುಂದೆ ಆಗ್ತಿತ್ತು."

"ಗೊತ್ತಿದ್ದೂ ಆರಿಸಿದ್ರಾ?"

"ಕ್ಲೈಂಟಿಗೆ ಸೋಮವಾರದೊಳಗೆ ಜನ ಕೊಡ್ತೀವಿ ಅಂದಿದೀವಿ. ಕುರ್ಚಿ ಖಾಲಿ ಇಡೋಕೆ ಆಗುತ್ತಾ? ಬಂದಮೇಲೆ ಕಲೀತಾರೆ ಬಿಡಿ."

"ಆ ಧ್ವನಿ ನನ್ನ ಮಗಳದು."

ಅವನು ಸಿಟ್ಟಾಗುತ್ತಾನೆ ಅಂದುಕೊಂಡಿದ್ದೆ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಅವನ ಮುಖ ಅರಳಿತು. "ಎಂಥಾ ಮಾತಾಡ್ತೀರಿ ಮೇಡಂ! ಮನೇಲೇ ಅಂಥ ಹುಡುಗಿ ಇಟ್ಕೊಂಡು ನಾವು ಊರೆಲ್ಲಾ ಹುಡುಕ್ತಿದೀವಲ್ಲ. ಬಯೋಡೇಟಾ ಕಳ್ಸೋಕೆ ಹೇಳಿ. ಮೂರು ವರ್ಷ ಅಂತ ಹಾಕ್ಸಿ. ಅದಕ್ಕಿಂತ ಕಮ್ಮಿ ಇದ್ರೆ ಮೇಲಿನೋರು ಕಣ್ಣೆತ್ತಿ ನೋಡಲ್ಲ."

ಮೇಲಿನವರಿಗೆ ಎಲ್ಲವನ್ನೂ ಲಿಖಿತವಾಗಿ ಕಳಿಸಿದೆ, ನಿನ್ನ ಹೆಸರು ಸೇರಿಸಿ. 'ಗಮನಿಸಲಾಗಿದೆ' ಎಂಬ ಉತ್ತರ ಬಂತು. ಜೊತೆಗೆ, ನನಗೆ ಕೆಲಸದ ಒತ್ತಡ ಹೆಚ್ಚಿರುವುದರಿಂದ ಆಯ್ಕೆಯ ಹೊಣೆಯಿಂದ ಬಿಡುಗಡೆ ಮಾಡಿದ್ದಾರಂತೆ. ಮೋಸವಾಯಿತೆಂದು ಯಾರಿಗೂ ಅನ್ನಿಸಲೇ ಇಲ್ಲ. ಕಳ್ಳನನ್ನು ಹಿಡಿದುಕೊಟ್ಟವಳಿಗೆ ಮನೆಯವರು ಬಾಗಿಲು ತೆಗೆದು, ಅವನಿಗೂ ಒಂದು ಚಾಪೆ ಹಾಸು ಎಂದ ಹಾಗಾಯಿತು.

ಆ ಹೆಂಗಸು ಬಂದಿದ್ದಾಳೆ. ನನ್ನ ಪಕ್ಕದಲ್ಲೇ ಕೂರಿಸಿದ್ದಾರೆ. ನಾನು ಬಾಯಿ ತೆರೆದರೆ ಅವಳು ಎದ್ದು ನಿಲ್ಲುತ್ತಾಳೆ. ಗೇಟಿಗೆ ಇನ್ನೊಬ್ಬರು ಹೋಗಬಾರದೆಂದು ನಾನೇ ಅವಳಿಗೆ ಕಲಿಸುತ್ತಿದ್ದೇನೆ, ಮೊದಲಿಂದ, ಮೇಲಿನ ಮೂಲೆ ನೋಡುವುದರಿಂದ. ಬೇಗ ಕಲಿಯುತ್ತಾಳೆ. ಸಂಜೆ ಅವಳು ಹೋದ ಮೇಲೆ ಆ ಕುರ್ಚಿಯನ್ನು ನೋಡುತ್ತೇನೆ. ಹೊಸಬರಿಗೆ ಕಲಿಸಲು ನಮ್ಮಲ್ಲಿ ಪುರುಸೊತ್ತು ಇತ್ತು ಎಂದಾಯಿತಲ್ಲ. ಸುಳ್ಳು ಹೇಳಿ ಬಂದವರಿಗೆ ಮಾತ್ರ.

ಮುಖ್ಯಸ್ಥ ದಿನಾ ಕೇಳುತ್ತಾನೆ, "ಬಯೋಡೇಟಾ ಎಲ್ಲಿ ಮೇಡಂ?" ಖಾಲಿ ಕುರ್ಚಿ ಇನ್ನೊಂದಿದೆ ಎಂಬುದನ್ನು ನಿನ್ನಿಂದ ಮುಚ್ಚಿಡುವ ಹಕ್ಕು ನನಗಿಲ್ಲ. ನೀನು ಏನು ಬರೆದು ಕಳಿಸಿದರೂ ಒಂದಕ್ಷರ ತಿದ್ದದೆ ತಲುಪಿಸುತ್ತೇನೆ. ಸಲಹೆ ಇಲ್ಲ. ಜನವರಿಯಲ್ಲಿ ಕೊಟ್ಟದ್ದೇ ನನ್ನಲ್ಲಿದ್ದ ಕೊನೆಯದು.

ಅಮ್ಮ


ಮೇ 23

ಅಮ್ಮ,

ನನ್ನ ಬಯೋಡೇಟಾ ತಲುಪಿಸಿದ್ದೀ. ಅನುಭವ ಎಂಬಲ್ಲಿ 'ಇಲ್ಲ' ಎಂದಿದ್ದದ್ದು 'ಇಲ್ಲ' ಎಂದೇ ಉಳಿದಿತ್ತು. ಇಂಟರ್ವ್ಯೂನಲ್ಲಿ ಅದನ್ನು ಪರದೆಯ ಮೇಲೆ ತೆರೆದಾಗ ನೋಡಿದೆ.

ಇವತ್ತು ಮಧ್ಯಾಹ್ನ ಇಂಟರ್ವ್ಯೂ ಆಯಿತು. ಸೆಂಟರಿನಿಂದ ಅಲ್ಲ. ಅಲ್ಲಿಗೆ ಹೋಗುವುದನ್ನು ಬಿಟ್ಟಿದ್ದೇನೆ. ಭರವಸೆ ಮೊದಮೊದಲು ಬೇಡಿಕೊಂಡ, ಆಮೇಲೆ "ನಿನ್ನ ಗಂಟಲಿಗೇನು ಚಿನ್ನದ ಕಟ್ಟು ಹಾಕಿದಾರಾ?" ಎಂದ. ನನ್ನ ಕೋಣೆಯಲ್ಲೇ, ಕಿಟಕಿಗೆ ಬೆನ್ನು ಮಾಡಿ ಕೂತೆ. ನಿಮ್ಮ ಮುಖ್ಯಸ್ಥ ಇದ್ದ, ಜೊತೆಗೆ ಮೇಲಿನವರ ಪೈಕಿ ಒಬ್ಬ ಹೆಂಗಸು, ನರೆತ ಕೂದಲು, ಕನ್ನಡಕ. ಅವನು ಶುರುವಿನಲ್ಲಿ ನೆಂಟರ ಮನೆಗೆ ಬಂದವನಂತೆ ನಗುತ್ತಿದ್ದ.

ಅವನು ಅವವೇ ಪ್ರಶ್ನೆ ಕೇಳಿದ. ಉತ್ತರ ಗೊತ್ತಿರುವ ಪ್ರಶ್ನೆ ಕೇಳಿ ನನ್ನನ್ನು ದಾಟಿಸೋಣವೆಂದೇ ಇರಬೇಕು. ನಾನೂ ಅವವೇ ಉತ್ತರ ಕೊಟ್ಟೆ, ಒಂದು ಪದ ಬದಲಿಸದೆ. ಈ ಸಲ ಮುಖವೂ ನನ್ನದೇ ಇತ್ತು.

ನರೆಗೂದಲಿನವರು ನನ್ನ ಕಾಗದವನ್ನು ಮತ್ತೆ ನೋಡಿದರು. "ಚೆನ್ನಾಗಿ ಹೇಳ್ತೀಯಮ್ಮ. ಆದ್ರೆ ಇವೆಲ್ಲಾ ಪುಸ್ತಕದ ಉತ್ತರ. ಅನುಭವ ಇದ್ದಿದ್ರೆ ಬೇರೆ ಥರ ಹೇಳ್ತಿದ್ದೆ. ಎಲ್ಲಾದ್ರೂ ಎರಡು ಮೂರು ವರ್ಷ ಮಾಡ್ಕೊಂಡು ಬಾ."

ಮುಖ್ಯಸ್ಥ ತಲೆಯಾಡಿಸಿದ. ನಗು ಹಾಗೇ ಇತ್ತು. ನಾನು ಹೇಳಿದ್ದನ್ನು ಕೇಳದಿದ್ದವರ ಹಾಗೆ, ಅಮ್ಮ, ಆ ಇಬ್ಬರೂ ಅಷ್ಟು ನೆಮ್ಮದಿಯಾಗಿದ್ದರು.

"ಮೇಡಂ, ಇದೇ ಉತ್ತರಕ್ಕೆ ಇವರು ಹೋದ ತಿಂಗಳು ಒಬ್ಬರನ್ನ ತಗೊಂಡಿದಾರೆ" ಎಂದೆ. "ಉತ್ತರ ಹೇಳಿದ್ದು ನಾನು. ಅದು ಇವರಿಗೂ ಗೊತ್ತು. ಆಗ ಇದಕ್ಕೆ ಅನುಭವ ಅಂದಿದ್ರು."

"ಹಲೋ?" ಎಂದ ಮುಖ್ಯಸ್ಥ. "ಹಲೋ, ನಿಮ್ಮ ಧ್ವನಿ ಬರ್ತಿಲ್ಲ."

"ಬರ್ತಿದೆ ಸರ್. ನಾನು ಅವತ್ತು..."

"ಬರ್ತಿಲ್ಲ ಮೇಡಂ ಇವರದ್ದು, ನೆಟ್‌ವರ್ಕ್ ಇರಬೇಕು" ಎಂದು ಅವರ ಕಡೆ ತಿರುಗಿ ಹೇಳಿದ. ನರೆಗೂದಲಿನವರು ಪರದೆಗೆ ಹತ್ತಿರ ಬಾಗಿದರು. ಅವರಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಅವರು ಏನೋ ಕೇಳಲೆಂದು ಬಾಯಿ ತೆರೆದಿದ್ದರು. ಅಷ್ಟರಲ್ಲಿ ಪರದೆ ಕಪ್ಪಾಯಿತು.

ನಾನು ನಿಲ್ಲಿಸಲಿಲ್ಲ. ಕಪ್ಪು ಪರದೆಗೇ ಎಲ್ಲವನ್ನೂ ಹೇಳಿದೆ. ಯಂತ್ರದ ವಿಷಯ, ಥಿನ್ನರಿನ ವಿಷಯ, ಬಚ್ಚಲಿನಲ್ಲಿ ಅತ್ತವಳ ವಿಷಯ. ನನ್ನ ಜೊತೆ ಕೋಣೆಯಲ್ಲಿರುವ ನರ್ಸು ಪಾಳಿ ಮುಗಿಸಿ ಬಂದು ಮುಸುಕು ಹಾಕಿ ಮಲಗಿದ್ದಳು, ಎದ್ದು ಕೂತಳು.

"ಯಾರಿಗೇ ಹೇಳ್ತಿದೀಯ ಅಷ್ಟು ಜೋರಾಗಿ? ಕಿಟಕಿ ಬೇರೆ ತೆಗೆದಿದೆ, ಬೀದಿಗೆಲ್ಲಾ ಕೇಳಿಸ್ತಿದೆ."

"ಕೇಳಿಸಲಿ" ಎಂದೆ.

ನಿನ್ನ ಮಗಳು